ಮೈಕನ್ನು ಒಮ್ಮೆ ಕೆಳಗೂ ಕೊಡಿ

ಚುನಾವಣೆಗೆ ನಿಂತಿರುವ, ನಿಲ್ಲಲು ಓಡಾಡುತ್ತಿರುವ, ಬಿ ಫಾರಂ ಯಾರ ಕೈ ಸೇರುತ್ತದೋ ಎಂದು ಬೆಂಗಳೂರಿನ ಲಾಡ್ಜುಗಳಲ್ಲಿ ಕಾದು ಕೂತಿರುವ ಎಲ್ಲ ಪಕ್ಷಗಳ ಅಭ್ಯರ್ಥಿಗಳಿಗೆ, ಯಾವ ಪಕ್ಷವೂ ಬೇಡವೆಂದು ಹೊರಟ ಪಕ್ಷೇತರರಿಗೂ,



ನಿಮ್ಮ ಎದುರಾಳಿಗಳ ವಿಚಾರ ಈ ಪತ್ರದಲ್ಲಿಲ್ಲ. ಅವರನ್ನು ಹೇಗೆ ಎದುರಿಸಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಬರೆಯುತ್ತಿರುವುದು ನಿಮ್ಮವರ ಬಗ್ಗೆ. ಜೆಸಿಬಿ ತರಿಸಿ ನಿಮಗೆ ಸೇಬಿನ ಹಾರ ಹಾಕುವವರು, ಉರಿಬಿಸಿಲಲ್ಲಿ ನಿಮ್ಮ ಗಾಡಿಯ ಹಿಂದೆ ಬೈಕ್ ಓಡಿಸುವವರು, ಮತದಾನದ ದಿನ ಕೋಳಿ ಕೂಗುವ ಹೊತ್ತಿಗೇ ಎದ್ದು ಹೋಗಿ ಬೂತ್ ಏಜೆಂಟರಾಗಿ ಕೂರುವವರು. ಅವರೊಳಗೊಂದು ಭಯ ಇದೆ, ಸಿಟ್ಟೂ ಇದೆ. ಅದು ಎದುರಿಗೆ ಬಂದು ನಿಂತಾಗ ನೀವು ಏನು ಮಾಡುತ್ತೀರಿ ಎಂಬುದಷ್ಟೇ ನನ್ನ ವಿಷಯ.

ತಾಲ್ಲೂಕು ವರದಿಗಾರನಾಗಿ ಬಹಳ ಕಾಲದಿಂದ ನಿಮ್ಮ ಸಭೆಗಳಲ್ಲಿ ವೇದಿಕೆಯ ಕೆಳಗೆ, ಮೈಕ್‌ಸೆಟ್‌ನವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರೆದುಕೊಂಡವನು ನಾನು. ಅಲ್ಲಿಂದ ನಿಮ್ಮ ಮಾತಿಗಿಂತ ಮುಖ ಚೆನ್ನಾಗಿ ಕಾಣುತ್ತದೆ. ಎದುರು ಪಕ್ಷದವರು ಬೈದರಂತೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ನಿಮ್ಮ ಮುಖ ಅರಳುತ್ತದೆ, ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮುಖ ಕಪ್ಪಿಡುವ ಗಳಿಗೆಯೇ ಬೇರೆ. ನಿಮ್ಮದೇ ಹುಡುಗನೊಬ್ಬ ಹಿಂದಿನ ಸಾಲಿನಿಂದ ಒಂದು ಜಾತಿಯ ಹೆಸರನ್ನೋ ಧರ್ಮದ ಹೆಸರನ್ನೋ ಹಿಡಿದು ಕೂಗಬಾರದ್ದನ್ನು ಕೂಗುತ್ತಾನೆ. ನೀವು ಅರೆಕ್ಷಣ ತಡವರಿಸುತ್ತೀರಿ, ಪಕ್ಕದಲ್ಲಿ ನಿಂತ ಮುಖಂಡರ ಕಡೆ ನೋಡುತ್ತೀರಿ, ಆಮೇಲೆ ಏನೂ ಕೇಳಿಸಲಿಲ್ಲವೆಂಬಂತೆ ಸಿಸಿ ರಸ್ತೆಯ ಲೆಕ್ಕಕ್ಕೆ ಮರಳುತ್ತೀರಿ. ಮರುದಿನದ ವರದಿಯಲ್ಲಿ ಸಿಸಿ ರಸ್ತೆ ಬರುತ್ತದೆ. ಆ ಅರೆಕ್ಷಣ ಬರುವುದಿಲ್ಲ.

ಅಂಥದೊಂದು ಅರೆಕ್ಷಣ ಕ್ಯಾಮೆರಾಗಳ ಮುಂದೆಯೇ ನಡೆದು, ಜಗತ್ತೆಲ್ಲ ನೋಡಿದ ಉದಾಹರಣೆ ಇದೆ. 2008ರ ಅಕ್ಟೋಬರ್ 10, ಶುಕ್ರವಾರ. ಅಮೆರಿಕದ ಮಿನೆಸೋಟ ರಾಜ್ಯದ ಲೇಕ್‌ವಿಲ್ ಎಂಬ ಊರಿನ ಒಂದು ಹೈಸ್ಕೂಲು. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಜಾನ್ ಮೆಕೇನ್ ಕೈಯಲ್ಲಿ ಮೈಕ್ ಹಿಡಿದು ಜನರ ನಡುವೆ ನಿಂತಿದ್ದರು. ಮತದಾನಕ್ಕೆ ಇನ್ನು ನಾಲ್ಕು ವಾರವೂ ಉಳಿದಿರಲಿಲ್ಲ, ಸಮೀಕ್ಷೆಗಳಲ್ಲಿ ಬರಾಕ್ ಒಬಾಮ ಮುಂದಿದ್ದರು. ನೆರೆದವರೆಲ್ಲ ಮೆಕೇನರ ಕಡೆಯವರೇ. ಒಬ್ಬಾತ ಎದ್ದು, ನಮಗೆ ಮಗು ಹುಟ್ಟುವುದರಲ್ಲಿದೆ, ಒಬಾಮ ಅಧ್ಯಕ್ಷರಾದರೆ ಆ ಮಗುವನ್ನು ಹೇಗೆ ಬೆಳೆಸುವುದೋ ಎಂದು ಹೆದರಿಕೆಯಾಗುತ್ತಿದೆ ಎಂದ. ಅಭ್ಯರ್ಥಿಗೆ ಇದಕ್ಕಿಂತ ಒಳ್ಳೆಯ ಚೆಂಡು ಯಾರು ಹಾಕಿಕೊಡುತ್ತಾರೆ? ಎತ್ತಿ ಹೊಡೆದಿದ್ದರೆ ಸಭೆ ಎದ್ದು ಕುಣಿಯುತ್ತಿತ್ತು. ಮೆಕೇನ್ ಹೇಳಿದ್ದು ಬೇರೆ. ಗೆಲ್ಲಬೇಕೆಂಬ ಆಸೆ ನನಗೂ ಇದೆ, ಆದರೆ ಆತ ಸಭ್ಯ ಮನುಷ್ಯ, ಆತ ಅಧ್ಯಕ್ಷನಾದರೆ ನೀವು ಹೆದರಬೇಕಾದ್ದಿಲ್ಲ ಎಂದರು. ಸಭೆ ಅವರ ವಿರುದ್ಧವೇ ಕೂಗಿತು.

ಸ್ವಲ್ಪ ಹೊತ್ತಿನ ಮೇಲೆ ಕೆಂಪು ಅಂಗಿಯ ಹಿರಿಯ ಹೆಂಗಸೊಬ್ಬರಿಗೆ ಮೈಕ್ ಸಿಕ್ಕಿತು. ಒಬಾಮರನ್ನು ನಂಬುವುದಕ್ಕೆ ಆಗುವುದಿಲ್ಲ, ಅವರ ಬಗ್ಗೆ ಓದಿದ್ದೇನೆ, ಅವರು ಅರಬ್ ಎಂದರು ಆಕೆ. ಮೆಕೇನ್ ತಲೆಯಾಡಿಸುತ್ತಲೇ ಮೈಕನ್ನು ಹಿಂದಕ್ಕೆ ತೆಗೆದುಕೊಂಡರು. ಇಲ್ಲಮ್ಮಾ, ಅವರು ಸಂಸಾರವಂದಿಗ, ಒಳ್ಳೆಯ ಮನುಷ್ಯ, ಈ ದೇಶದ ಪ್ರಜೆ, ಮೂಲಭೂತ ವಿಷಯಗಳಲ್ಲಿ ನನಗೂ ಅವರಿಗೂ ಭಿನ್ನಾಭಿಪ್ರಾಯ ಇದೆ, ಈ ಚುನಾವಣೆ ನಡೆಯುತ್ತಿರುವುದೇ ಅದಕ್ಕಾಗಿ ಎಂಬ ಅರ್ಥದ ಮಾತು ಹೇಳಿದರು.

ಈ ದೃಶ್ಯವನ್ನು ನಿಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿದ್ದೀರಿ. ರಾಜಕಾರಣಿ ಎಂದರೆ ಹೀಗಿರಬೇಕು ಎಂದು ಹಂಚಿಕೊಂಡೂ ಇದ್ದೀರಿ. ನನ್ನ ತಕರಾರು ಇರುವುದು ಅಲ್ಲೇ. ನೀವು ನೋಡಿದ್ದು ಶುಕ್ರವಾರವನ್ನು ಮಾತ್ರ. ಅದೇ ವಾರದ ಸೋಮವಾರ, ಅಕ್ಟೋಬರ್ 6ರಂದು, ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ನಗರದಲ್ಲಿ ಇದೇ ಮೆಕೇನ್ ಭಾಷಣ ಮಾಡುತ್ತ, ನಿಜವಾದ ಬರಾಕ್ ಒಬಾಮ ಯಾರು ಎಂದು ಜನರನ್ನು ಕೇಳಿದ್ದರು. ಗುಂಪಿನಿಂದ ಒಬ್ಬ ‘ಭಯೋತ್ಪಾದಕ’ ಎಂದು ಕೂಗಿದ. ಮೆಕೇನರ ಮುಖದಲ್ಲಿ ಕಸಿವಿಸಿ ಕಂಡಿತು, ಭಾಷಣ ಮುಂದುವರಿಯಿತು. ಅದಕ್ಕೂ ಎರಡು ದಿನ ಮೊದಲು ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್, ಒಬಾಮ ಭಯೋತ್ಪಾದಕರ ಜೊತೆ ಓಡಾಡುವ ಮನುಷ್ಯ ಎಂದು ಬಹಿರಂಗ ಸಭೆಯಲ್ಲೇ ಹೇಳಿದ್ದರು. ಅಂದರೆ ಲೇಕ್‌ವಿಲ್‌ನ ಆ ಅಜ್ಜಿ ಆ ಭಯವನ್ನು ಎಲ್ಲಿಂದಲೋ ಹೊತ್ತು ತಂದವರಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗಿದವರು ಬೆಳಗ್ಗೆ ಎದ್ದು, ಅಯ್ಯೋ ಮೊಸರಾಗಿಬಿಟ್ಟಿದೆಯಲ್ಲ ಎಂದರೆ ಹೇಗೆ?

ಹಾಗೆಂದು ಶುಕ್ರವಾರದ ಮಾತನ್ನು ನಾನು ಸಣ್ಣದು ಮಾಡುತ್ತಿಲ್ಲ. ಗಾಳಿಮಾತಿನ ರುಚಿ ಮೆಕೇನ್ ಸ್ವತಃ ಉಂಡಿದ್ದವರು. 2000ನೇ ಇಸವಿಯಲ್ಲಿ ಪಕ್ಷದ ಟಿಕೆಟ್‌ಗಾಗಿ ಸೌತ್ ಕರೊಲಿನಾದಲ್ಲಿ ಸ್ಪರ್ಧಿಸಿದ್ದಾಗ, ಅವರು ಬಾಂಗ್ಲಾದೇಶದಿಂದ ದತ್ತು ತಂದಿದ್ದ ಮಗಳನ್ನು ಅವರ ಅಕ್ರಮ ಸಂತಾನ ಎಂದು ಗುಸುಗುಸು ಹಬ್ಬಿಸಲಾಗಿತ್ತು. ಅದು ಬೇರೆ ಪಕ್ಷದ ಜೊತೆಗಿನ ಸ್ಪರ್ಧೆಯೇನಲ್ಲ, ಸ್ವಪಕ್ಷದೊಳಗಿನದೇ. ಅಲ್ಲಿ ಅವರು ಸೋತರು. ಇಷ್ಟು ಗೊತ್ತಿದ್ದ ಮನುಷ್ಯನಿಗೂ ಸೋಮವಾರ ಬಾಯಿ ಬರಲಿಲ್ಲ, ಶುಕ್ರವಾರ ಬಂತು. ನಿಮಗೆ ಯಾವ ವಾರ ಬಾಯಿ ಬರುತ್ತದೆ ಎಂಬುದು ನನ್ನ ಪ್ರಶ್ನೆ.

ಅವರ ಉತ್ತರದಲ್ಲೂ ಒಂದು ಐಬಿತ್ತು. ಆತ ಅರಬ್ ಎಂದ ಆಕೆಗೆ ಇಲ್ಲಮ್ಮ, ಆತ ಒಳ್ಳೆಯ ಮನುಷ್ಯ ಎಂದರೆ, ಅರಬ್ಬನಾಗಿದ್ದರೆ ಒಳ್ಳೆಯವನಾಗಿರಲು ಸಾಧ್ಯವಿಲ್ಲ ಎಂದ ಹಾಗಾಯಿತಲ್ಲ? ಅದನ್ನು ಬಿಡಿಸಿ ಹೇಳಿದವರೂ ಅದೇ ಪಕ್ಷದವರು. ಒಂಬತ್ತು ದಿನಗಳ ನಂತರ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಟೀವಿಯಲ್ಲಿ ಕೂತು ಮಾತಾಡಿದರು. ಒಬಾಮ ಮುಸ್ಲಿಂ ಎನ್ನುತ್ತಾರೆ, ಅವರು ಮುಸ್ಲಿಂ ಅಲ್ಲ, ಕ್ರೈಸ್ತ, ಆದರೆ ಮುಸ್ಲಿಮನೇ ಆಗಿದ್ದರೆ ಅದರಲ್ಲೇನು ತಪ್ಪು ಎಂದು ಕೇಳಿದರು. ಈ ಕೊನೆಯ ಪ್ರಶ್ನೆಯನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ ಎಂದು ನಾನು ಹೆಸರು ಹಿಡಿದು ಎಣಿಸಲು ಹೋಗುವುದಿಲ್ಲ. ನೀವೇ ನಿಮ್ಮ ನಿಮ್ಮಲ್ಲಿ ಎಣಿಸಿಕೊಳ್ಳಿ, ಬೆರಳು ಮಿಗುತ್ತವೆ.

ಇನ್ನೊಂದು ವಿಷಯವನ್ನು ಅಂದಿನ ವರದಿಗಾರರು ಈ ದೃಶ್ಯದ ಜೊತೆ ಕೂಡಿಸಿ ನೋಡಿದ್ದು ಕಡಿಮೆ. ಅದೇ ವಾರ ಅಮೆರಿಕದ ಷೇರುಪೇಟೆಯ ಡೌ ಸೂಚ್ಯಂಕ ಐದೇ ದಿನದಲ್ಲಿ ಶೇ 18ರಷ್ಟು ಕುಸಿದಿತ್ತು. ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ತಿಂಗಳೂ ಆಗಿರಲಿಲ್ಲ. ದುಡಿದು ಕೂಡಿಟ್ಟ ನಿವೃತ್ತಿ ಹಣ ಕಣ್ಣೆದುರೇ ಕರಗುತ್ತಿತ್ತು, ಸಾಲದ ಮನೆಗಳು ಕೈ ಬಿಡುತ್ತಿದ್ದವು. ಮಗುವನ್ನು ಹೇಗೆ ಬೆಳೆಸುವುದು ಎಂದು ಹೆದರುವುದಕ್ಕೆ ಆ ತಂದೆಗೆ ಅಸಲಿ ಕಾರಣಗಳೇ ಇದ್ದವು. ಆ ಭಯಕ್ಕೆ ಬ್ಯಾಂಕಿನ ಮುಖ ಇರಲಿಲ್ಲ, ಯಾರೋ ಒಬಾಮರ ಮುಖ ಅಂಟಿಸಿಕೊಟ್ಟಿದ್ದರು. ಮೆಕೇನ್ ಆ ಮುಖವನ್ನು ಕಿತ್ತು ತೆಗೆದರು. ಅದರ ಹಿಂದಿದ್ದ ಭಯ ಅಲ್ಲೇ ಉಳಿಯಿತು.

ಈಗ ನಮ್ಮ ಕಡೆಗೆ ಬರೋಣ.

ಒಂದು ಹೋಬಳಿ ಕೇಂದ್ರದ ಸಭೆ. ಊರಿನ ಹೆಸರು ಬೇಡ, ಅಭ್ಯರ್ಥಿಯ ಹೆಸರೂ ಬೇಡ, ಏಕೆಂದರೆ ಅವರ ಜಾಗದಲ್ಲಿ ನಿಮ್ಮಲ್ಲಿ ಯಾರನ್ನು ನಿಲ್ಲಿಸಿದರೂ ನಡೆಯುವುದು ಅದೇ. ಸಂಜೆ ಐದಕ್ಕೆ ಎಂದದ್ದು ಏಳೂವರೆಗೆ ಶುರುವಾಗಿತ್ತು. ಶಾಮಿಯಾನದ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಮುದುಕ, ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತ. ‘ಅಣ್ಣಾ, ಅವ್ರು ಗೆದ್ರೆ ನಮ್ ಕೇರಿ ಎಬ್ಬುಸ್ತಾರಂತಲ್ಲ, ದಿಟವಾ?’ ಎಂದ. ಸಭೆ ಒಮ್ಮೆಲೆ ಸುಮ್ಮನಾಯಿತು. ಅಭ್ಯರ್ಥಿ ಎದೆಯ ಮೇಲೆ ಕೈ ಇಟ್ಟುಕೊಂಡು, ‘ನಾನಿಲ್ವೇನೋ ತಾತ? ನಾನಿರೋವರ್ಗೂ ಯಾವನು ಬತ್ತಾನೆ ನೋಡ್ತೀನಿ’ ಎಂದರು. ಶಿಳ್ಳೆ ಬಿತ್ತು, ತಮಟೆ ಹೊಡೆದರು. ಮುದುಕ ಕೂತ.

ಸಭೆ ಮುಗಿದ ಮೇಲೆ ಆತನನ್ನು ಹುಡುಕಿ ಮಾತಾಡಿಸಿದೆ. ಗೋಮಾಳದಲ್ಲಿ ಮನೆ ಕಟ್ಟಿಕೊಂಡ ಒಂದಿಷ್ಟು ಕುಟುಂಬಗಳಲ್ಲಿ ಈತನದೂ ಒಂದು. ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾದಿದ್ದಾನೆ. ಅರ್ಜಿ ಎಲ್ಲಿದೆ ಎಂದು ಯಾರೂ ಹೇಳುತ್ತಿಲ್ಲ. ಅವರು ಗೆದ್ದರೆ ಎಬ್ಬಿಸುತ್ತಾರೆ ಎಂದು ಹೇಳಿದ್ದು ಯಾರು ಎಂದು ಕೇಳಿದೆ. ಅಭ್ಯರ್ಥಿಯ ಕಡೆಯ ಹುಡುಗರೇ ಮನೆ ಮನೆಗೆ ಬಂದು ಹೇಳಿದ್ದರು. ಈಗ ಅಭ್ಯರ್ಥಿಯ ಉತ್ತರವನ್ನು ಇನ್ನೊಮ್ಮೆ ಓದಿ. ಮುದುಕ ಕೇಳಿದ್ದು ದಿಟವಾ ಎಂದು. ದಿಟವೋ ಸುಳ್ಳೋ ಅವರು ಹೇಳಲೇ ಇಲ್ಲ. ಹಕ್ಕುಪತ್ರದ ಕಡತ ಇರುವುದು ತಹಶೀಲ್ದಾರರ ಕಚೇರಿಯಲ್ಲಿ, ಯಾರು ಗೆದ್ದರೂ ಬಾಯಿಮಾತಿನಲ್ಲಿ ಯಾರ ಮನೆಯನ್ನೂ ಕೀಳಿಸಲು ಬರುವುದಿಲ್ಲ, ನಾಳೆ ನಿನ್ನ ಅರ್ಜಿಯ ನಂಬರ್ ತೆಗೆದುಕೊಂಡು ಬಾ ಎನ್ನುವುದಕ್ಕೆ ಎರಡು ನಿಮಿಷ ಸಾಕಿತ್ತು. ಹಾಗೆ ಹೇಳಿದ್ದರೆ ಮುದುಕನ ಭಯ ಅರ್ಧ ಇಳಿಯುತ್ತಿತ್ತು. ಭಯ ಇಳಿದ ಮುದುಕ ಯಾರಿಗೆ ಬೇಕಾದರೂ ಮತ ಹಾಕಬಹುದು ಎಂಬುದೇ ತೊಂದರೆ. ‘ನಾನಿಲ್ವೇನೋ’ ಎಂದದ್ದರಿಂದ ಭಯ ಹಾಗೇ ಉಳಿಯಿತು, ಮತವೂ ಉಳಿಯಿತು.

ಇದನ್ನು ಮೋಸ ಎಂದರೆ ನಿಮಗೆ ಸಿಟ್ಟು ಬರುತ್ತದೆ. ಎಲ್ಲರೂ ಮಾಡುವುದೇ ಇದಲ್ಲವೇ ಎನ್ನುತ್ತೀರಿ. ಎಲ್ಲರೂ ಮಾಡುತ್ತಾರೆ, ಸರಿ.

ಭಯಸ್ಥರನ್ನು ಗದರಿಸಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಮಾಡುವ ಇನ್ನೊಂದು ಬಗೆಯ ಅಭ್ಯರ್ಥಿಗಳಿದ್ದಾರೆ, ಓದಿದವರು, ನಗರದವರು. ಬೆಂಬಲಿಗ ಏನಾದರೂ ಕೇಳಿದರೆ ಅದೆಲ್ಲ ವಾಟ್ಸ್‌ಆ್ಯಪ್ ಸುಳ್ಳು, ನಂಬಬೇಡಿ ಎಂದು ಮೇಷ್ಟರ ಹಾಗೆ ಬೈದು ಮುಂದೆ ಹೋಗುತ್ತಾರೆ. ಕೇಳಿದವನಿಗೆ ಅವಮಾನವಾಗುತ್ತದೆ, ಇನ್ನೊಮ್ಮೆ ಅವನು ಕೇಳುವುದಿಲ್ಲ, ನಂಬುವುದನ್ನು ಮಾತ್ರ ಬಿಡುವುದಿಲ್ಲ. ಹೆದರಿದವನ ಜೊತೆ ಮಾತಾಡಬೇಕಾದರೆ ಅವನ ಭಯದಲ್ಲಿ ಎಷ್ಟು ಪಾಲು ಅಸಲಿ ಎಂದು ಬಿಡಿಸಿ ನೋಡುವ ತಾಳ್ಮೆ ಬೇಕು. ಮೀಸಲಾತಿ ಪ್ರವರ್ಗ ಬದಲಾದರೆ ಮಗನ ಸೀಟು ಹೋಗುತ್ತದೆಂಬ ಭಯ, ರೇಷನ್ ಕಾರ್ಡು ರದ್ದಾಗುವ ಭಯ, ಸ್ಮಶಾನದ ಜಾಗ ಕೈತಪ್ಪುವ ಭಯ, ಇವಕ್ಕೆಲ್ಲ ಒಂದೊಂದು ಕಡತ ಇದೆ, ಕಚೇರಿ ಇದೆ, ಕಾನೂನು ಇದೆ. ಆ ಕಡೆಯ ಜನ ಗೆದ್ದರೆ ನಮ್ಮನ್ನು ಉಳಿಸುವುದಿಲ್ಲ ಎಂಬ ಭಯಕ್ಕೆ ಮಾತ್ರ ಕಡತ ಇಲ್ಲ. ಮೊದಲನೆಯವು ಪರಿಹಾರವಾಗದೆ ಉಳಿದಷ್ಟೂ ಈ ಕೊನೆಯದು ಕೊಬ್ಬುತ್ತದೆ.

ಸಿಟ್ಟಿನ ವಿಚಾರಕ್ಕೆ ಮಂಡ್ಯದ ಕಡೆ ನೋಡಿ. ಜುಲೈ ಬಂತೆಂದರೆ ಆ ಸೀಮೆಯಲ್ಲಿ ಕುಶಲ ವಿಚಾರಿಸುವುದಕ್ಕೂ ಮೊದಲು ‘ಕಟ್ಟೆ ಎಷ್ಟಾಯ್ತು’ ಎಂದು ಕೇಳುತ್ತಾರೆ. ಕನ್ನಂಬಾಡಿ ತುಂಬಿದರೆ 124.80 ಅಡಿ. ನಾಲೆಯ ಕೊನೆಯಲ್ಲಿ ಗದ್ದೆ ಇರುವವನಿಗೆ ಆ ಅಂಕಿಯಲ್ಲಿ ಒಂದೊಂದು ಅಡಿ ಕಡಿಮೆಯಾದರೂ ಎದೆ ಹೊಡೆದುಕೊಳ್ಳುತ್ತದೆ. ಆ ಭಯ ಅಸಲಿ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಾಗಿನಿಂದ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಮಾತು ಹೇಳಿಕೊಂಡು ಬಂದರು: ಒಂದು ಹನಿಯೂ ಬಿಡುವುದಿಲ್ಲ. ಬಿಡಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದಾಗ ಬೆಂಗಳೂರು, ಮೈಸೂರು ಕಡೆ ಗಲಭೆಯಾಯಿತು. ಸಾವಿರಾರು ತಮಿಳರು ಮನೆ ಬಿಟ್ಟು ಓಡಿದರು. ಆದೇಶ ಬರೆದವರು ದೆಹಲಿಯಲ್ಲಿದ್ದರು, ಏಟು ಬಿದ್ದದ್ದು ಇಲ್ಲೇ ಗುಡಿಸಲು ಹಾಕಿಕೊಂಡು ಕೂಲಿ ಮಾಡುತ್ತಿದ್ದವರಿಗೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಡಿಪೋದಲ್ಲಿ ಬಸ್ಸುಗಳು ಸಾಲಾಗಿ ಉರಿದದ್ದು ನಿಮಗೆ ನೆನಪಿರಬೇಕು. ಎರಡು ಸಲವೂ ನದಿಯ ಹಂಚಿಕೆಯಲ್ಲಿ ಒಂದು ಹನಿ ವ್ಯತ್ಯಾಸವಾಗಲಿಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿದ್ದು ವಕೀಲರ ವಾದದಿಂದ, ತಮಿಳುನಾಡಿನ ಅಂತರ್ಜಲದ ಮತ್ತು ಬೆಂಗಳೂರಿಗೆ ಬೇಕಾದ ಕುಡಿಯುವ ನೀರಿನ ಲೆಕ್ಕದಿಂದ.

ಈ ಕತೆಯಲ್ಲಿ ಒಬ್ಬರನ್ನು ಬೇರೆಯಾಗಿ ನೋಡಬೇಕೆನಿಸುತ್ತದೆ. 2002ರಲ್ಲಿ ಮಳೆ ಕೈಕೊಟ್ಟಿತ್ತು, ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು, ಕಬಿನಿ ಜಲಾಶಯಕ್ಕೆ ಹಾರಿ ಒಬ್ಬ ರೈತ ಪ್ರಾಣ ಬಿಟ್ಟಿದ್ದ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮದ್ದೂರಿನ ಶಾಸಕರು, ಸಿಟ್ಟಿಗೆದ್ದವರು ಅವರ ಮತದಾರರೇ. ಅವರ ಸರ್ಕಾರ ಮೊದಲು ನೀರು ನಿಲ್ಲಿಸಿತು, ನ್ಯಾಯಾಂಗ ನಿಂದನೆ ಎದುರಿಸಿತು, ಕ್ಷಮೆ ಕೇಳಿತು, ನೀರು ಬಿಟ್ಟಿತು. ಆ ತಡಬಡಿಕೆಯನ್ನು ನಾನು ಹೊಗಳುವುದಿಲ್ಲ. ನಡುವೆ ಅವರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ನಾಟಕ ಎಂದವರು ಬಹಳ ಜನ. ನಾಟಕವೇ ಇರಲಿ. ತನ್ನ ಜನ ತನ್ನ ಮೇಲೆ ಕುದಿಯುತ್ತಿರುವಾಗ ಹೆಲಿಕಾಪ್ಟರ್ ಬಿಟ್ಟು ಅವರ ನಡುವೆ ನಡೆದು ಹೋಗಲು ಎಷ್ಟು ಮಂದಿ ಒಪ್ಪುತ್ತಾರೆ? 2004ರ ಚುನಾವಣೆಗೆ ಅವರು ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ನಿಂತರು. ಅವರವರ ಲೆಕ್ಕ ಅವರವರಿಗೆ.

ಸಿಟ್ಟಿನ ಬಿಲ್ ಕೊನೆಗೆ ಯಾರ ಹೆಸರಿಗೆ ಬರುತ್ತದೆ ಎಂಬುದನ್ನು ನೋಡಬೇಕಾದರೆ ನೀವು ಒಂದು ಸೋಮವಾರ ತಾಲ್ಲೂಕಿನ ಕೋರ್ಟ್ ಆವರಣಕ್ಕೆ ಬರಬೇಕು. ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ನಾಲ್ಕಾರು ಹುಡುಗರು ನಿಂತಿರುತ್ತಾರೆ. ಯಾವುದೋ ಚುನಾವಣೆಯಲ್ಲಿ ಯಾವುದೋ ಘೋಷಣೆ ಕೂಗಿ, ಕಲ್ಲು ತೂರಿ, ಅಕ್ರಮ ಕೂಟದ ಕೇಸು ಹಾಕಿಸಿಕೊಂಡವರು. ಅಂದಿಗೆ ಹುಡುಗರು, ಇಂದಿಗೆ ತಲೆ ನರೆಯುತ್ತಿದೆ. ವಾಯಿದೆಗೆ ಬರುವ ದಿನ ಕೂಲಿ ಹೋಗುತ್ತದೆ, ಪಾಸ್‌ಪೋರ್ಟ್‌ಗೆ ಪೊಲೀಸ್ ವರದಿ ಸಿಗುವುದಿಲ್ಲ, ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ. ಅವರು ಯಾರ ಪರವಾಗಿ ಕೂಗಿದರೋ, ಯಾರ ವಿರುದ್ಧ ಕೂಗಿದರೋ, ಆ ಇಬ್ಬರೂ ಅದೇ ವಾರ ಒಂದೇ ಕಲ್ಯಾಣ ಮಂಟಪದಲ್ಲಿ ಅಕ್ಕಪಕ್ಕ ಕೂತು ಊಟ ಮಾಡುತ್ತಿರುತ್ತಾರೆ. ನೀವು ಹಾಗೆ ಊಟ ಮಾಡುವುದು ತಪ್ಪಲ್ಲ, ಒಳ್ಳೆಯದೇ. ನಾವು ಹೀಗೆ ಕೂತು ಉಣ್ಣುವವರು ಕಣ್ರಪ್ಪಾ ಎಂದು ಆ ಹುಡುಗರಿಗೆ ಮೊದಲೇ ಹೇಳಿದ್ದಿದ್ದರೆ ಎಂದಷ್ಟೇ ನನ್ನ ಮಾತು.

ಕಾನೂನು ನಿಮಗೆ ಗೊತ್ತಿದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3ಎ) ಪ್ರಕಾರ, ಚುನಾವಣೆಯಲ್ಲಿ ಲಾಭಕ್ಕಾಗಿ ಜಾತಿ ಧರ್ಮ ಭಾಷೆಗಳ ನಡುವೆ ದ್ವೇಷ ಹಬ್ಬಿಸುವುದು ‘ಭ್ರಷ್ಟ ಆಚರಣೆ’. ಅಭ್ಯರ್ಥಿ ಮಾಡಿದರೂ, ಏಜೆಂಟ್ ಮಾಡಿದರೂ, ಅಭ್ಯರ್ಥಿಯ ಒಪ್ಪಿಗೆಯಿಂದ ಬೇರೆ ಯಾರು ಮಾಡಿದರೂ ಅಷ್ಟೇ. ನಿಮ್ಮ ವಕೀಲರು ಜೋತುಬೀಳುವುದು ಈ ‘ಒಪ್ಪಿಗೆ’ಗೆ. ಕೂಗಿದ್ದು ಯಾರೋ, ನಮ್ಮ ಅಭ್ಯರ್ಥಿಗೆ ಸಂಬಂಧವಿಲ್ಲ ಎನ್ನುತ್ತಾರೆ. ಊರಿನಲ್ಲಿ ಲೆಕ್ಕ ಬೇರೆ, ಅಲ್ಲಿ ಮೌನವೇ ಸಮ್ಮತಿ. ಕೋರ್ಟ್ ಕೈಗೆ ಬರುವ ಹೊತ್ತಿಗೆ ಏನಾಗಿರುತ್ತದೆ ಎಂಬುದಕ್ಕೆ ಮುಂಬೈನ ಒಂದು ಪ್ರಕರಣ ಇದೆ. 1987ರ ವಿಲೇ ಪಾರ್ಲೆ ಉಪಚುನಾವಣೆಯಲ್ಲಿ ಶಿವಸೇನೆಯ ರಮೇಶ್ ಪ್ರಭು ಪರವಾಗಿ ಬಾಳಾ ಠಾಕ್ರೆ ಮಾಡಿದ ಭಾಷಣಗಳಿಗಾಗಿ ಪ್ರಭು ಅವರ ಆಯ್ಕೆ ರದ್ದಾದದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 1995ರ ಡಿಸೆಂಬರಿನಲ್ಲಿ. ಆ ವಿಧಾನಸಭೆಯ ಅವಧಿ 1990ರಲ್ಲೇ ಮುಗಿದಿತ್ತು.

ಹಾಗಾಗಿ ಕಾನೂನಿಗೆ ಕಾಯುವಂತಿಲ್ಲ. ಎದುರಾಳಿ ಹೇಳಿದರೆ ನಿಮ್ಮವರು ಕೇಳುವುದಿಲ್ಲ, ಪತ್ರಿಕೆಯವರು ಬರೆದರೆ ಕೊಂಡುಕೊಂಡ ಪತ್ರಿಕೆ ಎನ್ನುತ್ತಾರೆ, ಚುನಾವಣಾಧಿಕಾರಿ ನೋಟಿಸ್ ಕೊಟ್ಟರೆ ಅದನ್ನೇ ಫೋಟೊ ತೆಗೆದು ಹಂಚುತ್ತಾರೆ. ಅವರಿಗೆ ಬೇಡ ಎನ್ನುವ ಅಧಿಕಾರ ಇರುವುದು ನಿಮ್ಮೊಬ್ಬರಿಗೆ. ಬೇಡ ಎಂದರೆ ಅವರು ನಿಮ್ಮ ಮೇಲೂ ತಿರುಗಿ ಬೀಳಬಹುದು. ಮೆಕೇನರ ಮೇಲೆ ಬಿದ್ದರಲ್ಲ.

ಅದನ್ನು ತಿಳಿದೂ ಮಾಡಿದವರು ನೆಲ್ಸನ್ ಮಂಡೇಲಾ. 1993ರ ಏಪ್ರಿಲ್ 10ರಂದು ಬಿಳಿಯನೊಬ್ಬ ಕ್ರಿಸ್ ಹಾನಿಯನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದ. ಕಪ್ಪು ಯುವಕರ ಕಣ್ಮಣಿಯಾಗಿದ್ದ ನಾಯಕ ಹಾನಿ. ದಕ್ಷಿಣ ಆಫ್ರಿಕಾ ಹೊತ್ತಿ ಉರಿಯಲು ಒಂದು ಕಡ್ಡಿ ಸಾಕಿತ್ತು. ಆಗಿನ್ನೂ ಯಾವ ಅಧಿಕಾರವೂ ಇಲ್ಲದಿದ್ದ ಮಂಡೇಲಾ ಟೀವಿಗೆ ಬಂದು, ಕೊಂದವನು ಬಿಳಿಯ, ಆದರೆ ಪ್ರಾಣದ ಹಂಗು ತೊರೆದು ಕೊಲೆಗಾರನನ್ನು ಹಿಡಿಸಿದವಳೂ ಬಿಳಿಯ ಹೆಂಗಸೇ ಎಂದು ತಮ್ಮ ಜನಕ್ಕೆ ನೆನಪಿಸಿದರು. ಆಕೆ ಹಾನಿಯವರ ನೆರೆಮನೆಯವಳು, ಕಾರಿನ ನಂಬರ್ ಗುರುತಿಟ್ಟುಕೊಂಡು ಪೊಲೀಸರಿಗೆ ಹೇಳಿದ್ದಳು. ಕೆಲವೇ ದಿನದಲ್ಲಿ ಸೊವೆಟೊದ ಕ್ರೀಡಾಂಗಣದಲ್ಲಿ, ಬಿಳಿಯರ ಆಳುವ ಪಕ್ಷವೂ ಸಂತಾಪ ಸೂಚಿಸಿದೆ ಎಂದಾಗ ಅವರ ಜನವೇ ಅವರನ್ನು ಕೂಗಿ ಧಿಕ್ಕರಿಸಿದರು.

ಅದೇ ವರ್ಷ ಜೊಹಾನ್ಸ್‌ಬರ್ಗ್ ಪಕ್ಕದ ಕಟ್ಲೆಹಾಂಗ್‌ನಲ್ಲಿ ನಡೆದದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ದಿನ ಬೆಳಗಾದರೆ ಹೆಣ ಬೀಳುತ್ತಿದ್ದ ಬಡಾವಣೆ. ಮಂಡೇಲಾ ಮಾತಾಡುತ್ತಿದ್ದಾಗ ಸಭೆಯಿಂದ ಒಂದು ಚೀಟಿ ಬಂತು: ನಮಗೆ ಶಾಂತಿಯ ಮಾತು ಬೇಡ, ಆಯುಧ ಕೊಡಿ. ಬೇರೆಯವರಾಗಿದ್ದರೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರು ಅದನ್ನು ಮೈಕಿನಲ್ಲೇ ಓದಿ ಹೇಳಿದರು. ಸರ್ಕಾರ ನಿಮ್ಮನ್ನು ಕಾಯುತ್ತಿಲ್ಲ ಎಂಬ ಸಿಟ್ಟು ನ್ಯಾಯದ್ದೇ ಎಂದು ಒಪ್ಪಿದರು. ಆಮೇಲೆ ಈ ಸಾವುಗಳಲ್ಲಿ ನಮ್ಮವರ ಕೈಯೂ ಇದೆ ಎಂದರು. ಗುಂಪು ಗೊಣಗಿತು. ನಾನು ನಿಮ್ಮ ನಾಯಕನಾಗಿರುವುದು ಬೇಕೋ ಬೇಡವೋ ಹೇಳಿ, ಇರುವಷ್ಟು ದಿನವೂ ನೀವು ತಪ್ಪಿದಾಗ ತಪ್ಪು ಎಂದೇ ಹೇಳುತ್ತೇನೆ ಎಂದರು. ಚುನಾವಣೆಗೆ ವರ್ಷವೂ ಇರಲಿಲ್ಲ.

ಮಂಡೇಲಾ ದೊಡ್ಡವರು, ನಾವು ಜಿಲ್ಲಾ ಪಂಚಾಯಿತಿಗೆ ನಿಂತವರು ಎಂದು ನೀವು ನಗಬಹುದು. ಸರಿ, ಸಣ್ಣವರ ಕತೆಯನ್ನೇ ಹೇಳುತ್ತೇನೆ. ಅಮೆರಿಕದ ಅಲಬಾಮಾದಲ್ಲಿ ಜಾರ್ಜ್ ವಾಲೇಸ್ ಎಂಬ ನ್ಯಾಯಾಧೀಶ 1958ರಲ್ಲಿ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದಾಗ ಕಪ್ಪುಜನರ ಸಂಘಟನೆಯ ಬೆಂಬಲ ಪಡೆದಿದ್ದ. ಬಿಳಿಯರ ಜನಾಂಗದ್ವೇಷಿ ಗುಂಪು ಕು ಕ್ಲಕ್ಸ್ ಕ್ಲಾನ್‌ನ ಬೆಂಬಲವಿದ್ದ ಎದುರಾಳಿ ಗೆದ್ದ. ಜನರ ಭಯವನ್ನು ಬಳಸುವುದರಲ್ಲಿ ಇನ್ನು ಯಾರಿಗೂ ಸೋಲುವುದಿಲ್ಲವೆಂದು ವಾಲೇಸ್ ತೀರ್ಮಾನಿಸಿದ. 1962ರಲ್ಲಿ ಗೆದ್ದ, ಮರುವರ್ಷದ ಜನವರಿಯಲ್ಲಿ ಪ್ರಮಾಣವಚನದ ದಿನವೇ ಬಿಳಿಯರು ಕರಿಯರು ಎಂದೆಂದಿಗೂ ಬೇರೆ ಬೇರೆ ಎಂದು ಘೋಷಿಸಿದ. ವಯಸ್ಸಾದ ಮೇಲೆ, ಗುಂಡೇಟು ತಿಂದು ಗಾಲಿಕುರ್ಚಿಯಲ್ಲಿ, ಅದೇ ಕಪ್ಪುಜನರ ಚರ್ಚುಗಳಿಗೆ ಹೋಗಿ ಕ್ಷಮೆ ಕೇಳಿದ. ತಾನು ಮಾಡುತ್ತಿರುವುದು ತಪ್ಪೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಅದೇ ಅವನ ಕತೆಯಲ್ಲಿ ಅಸಹ್ಯ ಹುಟ್ಟಿಸುವ ಭಾಗ. ನಿಮ್ಮಲ್ಲಿ ಬಹಳ ಮಂದಿಗೂ ಗೊತ್ತಿದೆ. ಸಭೆ ಮುಗಿದ ಮೇಲೆ ಕಾರಿನಲ್ಲಿ ಕೂತು ‘ನಮ್ ಹುಡುಗ್ರು ಸ್ವಲ್ಪ ಅತಿಯಾಯ್ತು ಕಣ್ರಿ’ ಎಂದು ನನ್ನಂಥವನ ಹತ್ತಿರ ಹೇಳಿ, ಇದನ್ನ ಬರೀಬೇಡಿ ಎನ್ನುವವರು ನೀವು.

ಈಗ ಕೇಳಿಕೊಳ್ಳುವುದನ್ನು ಕೇಳುತ್ತೇನೆ. ಲೇಕ್‌ವಿಲ್‌ನ ಆ ಸಭೆಯಲ್ಲಿ ಎಲ್ಲರೂ ಮೆಕೇನರ ಉತ್ತರವನ್ನು ನೋಡಿದರು. ನನಗೆ ಎದ್ದು ಕಂಡದ್ದು ಆ ಹೆಂಗಸಿನ ಕೈಯಲ್ಲಿ ಮೈಕ್ ಇತ್ತು ಎಂಬುದು. ಕಟ್ಲೆಹಾಂಗ್‌ನಲ್ಲಿ ಚೀಟಿಯಾದರೂ ವೇದಿಕೆಯವರೆಗೆ ಬಂತು. ನಮ್ಮ ಸಭೆಗಳಲ್ಲಿ ಬೆಂಬಲಿಗನಿಗೆ ಕೊಡುವುದು ಬಾವುಟ, ಟೋಪಿ, ಊಟದ ಪೊಟ್ಟಣ. ಮಾತಾಡುವ ಅವಕಾಶ ಒಬ್ಬನಿಗೂ ಇಲ್ಲ. ಶಾಮಿಯಾನದ ಕಂಬದ ಹತ್ತಿರದಿಂದ ಗಂಟಲು ಹರಿದುಕೊಂಡು ಕೇಳಿದ ಆ ಮುದುಕನೂ ಕರೆಯದೆ ಎದ್ದವನು. ಅದರಿಂದ ಭಯ ನಿಮ್ಮ ಮುಂದೆ ಬಾಯಿ ಬಿಡುವುದೇ ಇಲ್ಲ. ಟೀ ಅಂಗಡಿಯಲ್ಲಿ, ಹಾಲಿನ ಡೇರಿಯ ಜಗುಲಿಯಲ್ಲಿ, ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಉತ್ತರ ಕೊಡುವವನು ನಿಮಗಿಂತ ಬಿಸಿ ರಕ್ತದ ಮರಿ ಪುಡಾರಿ.

ದೊಡ್ಡ ರ‍್ಯಾಲಿಯಲ್ಲಿ ಇದು ಆಗುವ ಮಾತಲ್ಲ, ಒಪ್ಪಿದೆ. ಬೂತ್ ಮಟ್ಟದ ಸಭೆಯಲ್ಲಿ ಆಗುತ್ತದೆ. ನಿಮ್ಮ ಭಾಷಣಕ್ಕೆ ಮೊದಲು ಒಂದು ಅರ್ಧ ಗಂಟೆ ಬಿಡಿ. ಕೇಳುವವರ ಪಟ್ಟಿಯನ್ನು ಮುಖಂಡರ ಕೈಲಿ ಮಾಡಿಸಬೇಡಿ, ಮಾಡಿಸಿದರೆ ಹೊಗಳುವವರೇ ಎದ್ದು ನಿಲ್ಲುತ್ತಾರೆ. ಹೆಂಗಸರಿಗೆ ಮೊದಲು ಕೊಡಿ, ಗಂಡಸರು ಹಿಡಿದರೆ ಬಿಡುವುದಿಲ್ಲ. ಕೇಳಿದ್ದು ಸುಳ್ಳಾಗಿದ್ದರೆ ಸುಳ್ಳು ಎನ್ನಿ, ಅದನ್ನು ಹೇಳಿದವನು ನಿಮ್ಮ ಕಡೆಯವನೇ ಆಗಿದ್ದರೆ ಅವನ ಎದುರಿನಲ್ಲೇ ಎನ್ನಿ. ಕೇಳಿದ್ದರಲ್ಲಿ ನಿಜವಿದ್ದರೆ ಯಾವ ಕಚೇರಿ, ಯಾವ ಅಧಿಕಾರಿ, ಎಷ್ಟು ದಿನ ಎಂದು ಹೇಳಿ. ಗೊತ್ತಿಲ್ಲದಿದ್ದರೆ ವಿಚಾರಿಸಿ ಹೇಳುತ್ತೇನೆ ಎನ್ನಿ, ‘ನಾನಿಲ್ವೇ’ ಎಂದು ಮಾತ್ರ ಎನ್ನಬೇಡಿ. ಮೊದಲ ಸಭೆಯಲ್ಲಿ ಏನೇನೋ ಬರುತ್ತದೆ, ನಿಮಗೂ ಬೈಗುಳ ಬೀಳುತ್ತದೆ. ಆದರೂ ಪ್ರಚಾರದ ಮೊದಲ ವಾರದಲ್ಲೇ ಮಾಡಿ, ಕೊನೆಯ ವಾರಕ್ಕೆ ಎಲ್ಲರ ತಲೆಯೂ ಕಾದಿರುತ್ತದೆ.

ಖರ್ಚಿನ ಚಿಂತೆ ಬೇಡ. ಮೈಕ್‌ಸೆಟ್‌ನವರನ್ನು ವಿಚಾರಿಸಿದ್ದೇನೆ, ಅವರ ಪೆಟ್ಟಿಗೆಯಲ್ಲಿ ಎರಡನೆಯ ಕಾರ್ಡ್‌ಲೆಸ್ ಮೈಕ್ ಇದ್ದೇ ಇರುತ್ತದೆ, ಬಾಡಿಗೆಯಲ್ಲಿ ಅದೂ ಸೇರಿದೆ. ಇಂಥ ಸಭೆಯನ್ನು ಎಂದು, ಎಲ್ಲಿ ಮಾಡುತ್ತೀರೆಂದು ಒಂದು ದಿನ ಮುಂಚೆ ತಿಳಿಸಿ, ಯಾವ ಪಕ್ಷದವರದಾದರೂ ಬರುತ್ತೇನೆ. ನಿಮ್ಮವರು ನಿಮ್ಮನ್ನು ಕೂಗಿ ಕೂರಿಸಿದರೆ ಅದನ್ನು ಬರೆಯುತ್ತೇನೆ, ಅದಕ್ಕೆ ನೀವು ಏನೆಂದಿರಿ ಎಂಬುದನ್ನೂ ಬರೆಯುತ್ತೇನೆ.

ಇತಿ ನಿಮ್ಮವ,
ಒಬ್ಬ ತಾಲ್ಲೂಕು ವರದಿಗಾರ